ಕೇಬಲ್ ತೆಗೆಸಿ ಇಂಟರ್ನೆಟ್‌ನಲ್ಲೇ ಟಿವಿ: ಎರಡು ಟಿವಿ ಇರುವ ಮನೆಗೆ ಏನೇನು ಬೇಕು?

ಸಾಗರಸೀಮೆ:
ಸಾಗರದ ಹತ್ತಿರ ಹಳ್ಳಿ ಮನೆ, ಚಿರೆಕಲ್ಲಿನ ಗೋಡೆ. ಹಾಲ್‌ನಲ್ಲಿ 43 ಇಂಚಿನ ಸ್ಮಾರ್ಟ್ ಟಿವಿ, ಹಿಂದಿನ ಕೋಣೆಯಲ್ಲಿ ಹಳೆಯ 32 ಇಂಚಿನ ಎಲ್‌ಇಡಿ. ಹಳೆಯದು ಸ್ಮಾರ್ಟ್ ಅಲ್ಲ, ಆದರೆ ಎಚ್‌ಡಿಎಂಐ ಇದೆ. ಫೈಬರ್ ಸಂಪರ್ಕ 40 ಎಂಬಿಪಿಎಸ್, ರೂಟರ್ ಹಾಲ್‌ನಲ್ಲಿದೆ. ಮನೆಯವರು ನೋಡುವುದು ಕನ್ನಡ ಧಾರಾವಾಹಿ, ನ್ಯೂಸ್, ಕ್ರಿಕೆಟ್. ಕೇಬಲ್ ತೆಗೆಸಿದರೆ ಏನು ತಪ್ಪಿಹೋಗುತ್ತದೆ? 40 ಎಂಬಿಪಿಎಸ್ ಸಾಕೇ? ಮಳೆಗಾಲದಲ್ಲಿ ಕರೆಂಟ್ ಹೋದಾಗ ಏನು ಗತಿ?

ಚಾನೆಲ್‌ಪಟ್ಟಿ:
ಮೊದಲು ಒಂದು ವಾರ ಮನೆಯಲ್ಲಿ ನಿಜವಾಗಿ ಓಡುವ ಚಾನೆಲ್‌ಗಳನ್ನು ಬರೆದಿಡಿ. 200 ಚಾನೆಲ್ ಬರುತ್ತಿದ್ದರೂ ಪಟ್ಟಿ ಹತ್ತು ದಾಟುವುದಿಲ್ಲ. ಅದು ಕೈಯಲ್ಲಿದ್ದರೆ ಮುಂದಿನದು ಸುಲಭ.

ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡರ ಧಾರಾವಾಹಿಗಳೂ ಜಿಯೋಹಾಟ್‌ಸ್ಟಾರ್‌ನಲ್ಲಿವೆ (2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಒಂದಾದವು). ಐಪಿಎಲ್ ಕೂಡ ಅಲ್ಲೇ. ಜೀ ಕನ್ನಡಕ್ಕೆ ಜೀ5, ಉದಯ ಟಿವಿಗೆ ಸನ್ ನೆಕ್ಸ್ಟ್. ಟಿವಿ9 ಕನ್ನಡ, ಪಬ್ಲಿಕ್ ಟಿವಿಯಂಥ ನ್ಯೂಸ್ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಲೈವ್ ಸಿಗುತ್ತವೆ, ಅದಕ್ಕೆ ದುಡ್ಡಿಲ್ಲ. ದೂರದರ್ಶನದ ಚಾನೆಲ್‌ಗಳಿಗೆ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಇದೆ.

ಚಂದಾ ಕಟ್ಟುವ ಮುಂಚೆ ಎರಡು ವಿಷಯ ನೋಡಲೇಬೇಕು. ಅಗ್ಗದ ‘ಮೊಬೈಲ್’ ಪ್ಲಾನ್ ತೆಗೆದುಕೊಂಡರೆ ಟಿವಿಯಲ್ಲಿ ಓಡುವುದಿಲ್ಲ. ಇನ್ನೊಂದು, ಏಕಕಾಲಕ್ಕೆ ಎಷ್ಟು ಪರದೆ ಅಂತ. ನಿಮ್ಮ ಎರಡು ಟಿವಿಯಲ್ಲೂ ಒಂದೇ ಆ್ಯಪ್ ಒಟ್ಟಿಗೆ ಹಾಕಿದರೆ, ಒಂದೇ ಪರದೆಯ ಪ್ಲಾನ್‌ನಲ್ಲಿ ಒಂದು ಟಿವಿ ನಿಂತುಬಿಡುತ್ತದೆ.

ಉಳಿತಾಯದ ಲೆಕ್ಕವನ್ನೂ ಹಾಕಿ ನೋಡಿ. ಮೂರು ಆ್ಯಪ್‌ಗಳ ವಾರ್ಷಿಕ ಚಂದಾ ಕೂಡಿಸಿ 12ರಿಂದ ಭಾಗಿಸಿ, ಕೇಬಲ್ ಬಿಲ್ ಪಕ್ಕ ಇಡಿ. ಕೇಬಲ್ ಬಿಲ್‌ನಲ್ಲಿ ನೆಟ್‌ವರ್ಕ್ ಶುಲ್ಕ, ಚಾನೆಲ್ ದರ, ಅದರ ಮೇಲೆ 18% ಜಿಎಸ್‌ಟಿ ಇರುತ್ತದೆ. 2019ರಿಂದ ಬಿಡಿ ಚಾನೆಲ್ ಆರಿಸುವ ಹಕ್ಕು ಗ್ರಾಹಕರಿಗಿದೆ. ಆಪರೇಟರ್ ತಾವೇ ಹಾಕಿದ ಪ್ಯಾಕ್ ತೆಗೆಸಿ ಬೇಕಾದ ಆರೇಳು ಚಾನೆಲ್ ಮಾತ್ರ ಉಳಿಸಿಕೊಂಡರೆ, ಕೆಲವು ಮನೆಗಳಿಗೆ ಕೇಬಲ್ಲೇ ಅಗ್ಗ ಬೀಳುತ್ತದೆ.

ತಂತಿಜಾಲ:
40 ಎಂಬಿಪಿಎಸ್ ಧಾರಾಳ ಸಾಕು. ಫುಲ್ ಎಚ್‌ಡಿಗೆ ಒಂದು ಟಿವಿಗೆ ಸುಮಾರು 5, 4ಕೆಗೆ 15 ಎಂಬಿಪಿಎಸ್ ಬೇಕು. ಡೇಟಾ: ಎಚ್‌ಡಿಗೆ ಗಂಟೆಗೆ 3 ಜಿಬಿ ಅಂದುಕೊಳ್ಳಿ. ಎರಡು ಟಿವಿ ಸೇರಿ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 900 ಜಿಬಿ. ಬಹುತೇಕ ಫೈಬರ್ ಪ್ಲಾನ್‌ಗಳ ಮಿತಿ 3300 ಜಿಬಿ ಇರುವುದರಿಂದ ತೊಂದರೆಯಿಲ್ಲ. ಫೈಬರ್ ಅಲ್ಲದ, ಸಿಮ್ ಮೇಲೆ ನಡೆಯುವ ಸಂಪರ್ಕಗಳ ಮಿತಿ ಕಡಿಮೆ ಇರುತ್ತದೆ, ಅಂಥದ್ದಾದರೆ ಪ್ಲಾನ್ ಓದಿಕೊಳ್ಳಿ.

ನಿಮ್ಮ ಮನೆಯಲ್ಲಿ ನಿಜವಾದ ತೊಡಕು ಚಿರೆಕಲ್ಲು. 5 ಗಿಗಾಹರ್ಟ್ಸ್ ವೈಫೈ ಅಂಥ ಎರಡು ಗೋಡೆ ದಾಟುವ ಹೊತ್ತಿಗೆ ಸೋತುಹೋಗಿರುತ್ತದೆ. 2.4 ದಾಟುತ್ತದೆ, ಆದರೆ ವೇಗ ಏರಿಳಿಯುತ್ತದೆ. ಹಿಂದಿನ ಕೋಣೆಯಲ್ಲಿ ಟಿವಿ ಇರುವ ಜಾಗದಲ್ಲೇ ಫೋನ್ ಹಿಡಿದು ಸಂಜೆ 8ರಿಂದ 10ರ ನಡುವೆ ಸ್ಪೀಡ್ ಟೆಸ್ಟ್ ಮಾಡಿ. ಸತತವಾಗಿ 10 ಎಂಬಿಪಿಎಸ್‌ಗಿಂತ ಮೇಲೆ ಬಂದರೆ ಬಿಟ್ಟುಬಿಡಿ. ಇಲ್ಲದಿದ್ದರೆ ರಿಪೀಟರ್‌ಗೆ ದುಡ್ಡು ಸುರಿಯದೆ ಲ್ಯಾನ್ ಕೇಬಲ್ ಎಳೆಸಿ. ರಿಪೀಟರ್ ಅದೇ ದುರ್ಬಲ ಸಿಗ್ನಲ್ ಹಿಡಿದು ಮತ್ತೆ ಬಿಡುತ್ತದೆ ಅಷ್ಟೇ.

ಸಾಗರಸೀಮೆ:
ಟೆಸ್ಟ್ ಮಾಡಿದೆ. ಹಿಂದಿನ ಕೋಣೆಯಲ್ಲಿ 3ರಿಂದ 6 ಎಂಬಿಪಿಎಸ್. ಹಾಲ್‌ನಿಂದ ಆ ಕೋಣೆಗೆ ಗೋಡೆಯೊಳಗೆ ಪೈಪ್‌ನಲ್ಲಿ ಕೇಬಲ್ ಟಿವಿಯ ವೈರ್ ಹೋಗಿದೆ. ಅದನ್ನು ಉಪಯೋಗಿಸಬಹುದೇ?

ತಂತಿಜಾಲ:
ಬಹಳ ಒಳ್ಳೆಯದಾಯಿತು. ಆ ವೈರನ್ನೇ ಎಳೆದಾರ ಮಾಡಿಕೊಂಡು ಪೈಪ್‌ನೊಳಗೆ ಲ್ಯಾನ್ ಕೇಬಲ್ ಎಳೆಯಿರಿ.

ಒಂದು ತುದಿ ಮೆಲ್ಲಗೆ ಎಳೆದಾಗ ಇನ್ನೊಂದು ತುದಿ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ನಡುವೆ ವೈರನ್ನು ಕವಲಾಗಿಸುವ ಸ್ಪ್ಲಿಟರ್ ಇದೆ, ಅಥವಾ ಪೈಪ್‌ನ ತಿರುವಿನಲ್ಲಿ ಸಿಮೆಂಟ್ ಹಿಡಿದಿದೆ. ಜಂಕ್ಷನ್ ಬಾಕ್ಸ್ ಬಿಚ್ಚಿ, ಸ್ಪ್ಲಿಟರ್ ತೆಗೆದು, ಒಂದೊಂದು ತುಂಡನ್ನು ಬೇರೆಬೇರೆಯಾಗಿ ಎಳೆಯಿರಿ. ಅಲುಗಿದರೆ ತುದಿಯ ಕನೆಕ್ಟರ್ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಮೂರು ಇಂಚು ಸುಲಿದು, ನಡುವಿನ ತಾಮ್ರದ ತಂತಿಯನ್ನು ಕೊಕ್ಕೆ ಮಾಡಿ. ಹೊಸ ಕೇಬಲ್‌ನ ಎಂಟು ಎಳೆಗಳಲ್ಲಿ ನಾಲ್ಕನ್ನು ಆ ಕೊಕ್ಕೆಗೆ ಹೆಣೆದು, ಉಳಿದ ನಾಲ್ಕನ್ನು ಕತ್ತರಿಸಿ, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ. ಗಂಟು ದಪ್ಪವಾಗಬಾರದು, ಮುಂದಕ್ಕೆ ಮೊನಚಾಗಿರಬೇಕು. ಜೊತೆಗೊಂದು ನೈಲಾನ್ ದಾರವನ್ನೂ ಕಟ್ಟಿಬಿಡಿ, ಮುಂದೆ ಇನ್ನೊಂದು ಕೇಬಲ್ ಎಳೆಯಬೇಕಾದರೆ ಬೇಕಾಗುತ್ತದೆ. ಒಬ್ಬರು ಈ ಕಡೆಯಿಂದ ತಳ್ಳುತ್ತಾ ಹೋದರೆ ಇನ್ನೊಬ್ಬರು ಆ ಕಡೆಯಿಂದ ಎಳೆಯಬೇಕು. ಸಿಕ್ಕಿಕೊಂಡರೆ ಜಗ್ಗಬೇಡಿ, ಅರ್ಧ ಅಡಿ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ.

ಲ್ಯಾನ್ ಕೇಬಲ್ ಕೊಳ್ಳುವಾಗ ಅಂಗಡಿಯಲ್ಲಿ ‘ಪೂರ್ತಿ ತಾಮ್ರದ ಕ್ಯಾಟ್6’ ಅಂತಲೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಸಿಸಿಎ ಹೆಸರಲ್ಲಿ ಅಗ್ಗಕ್ಕೆ ಸಿಗುತ್ತದೆ, ಎಳೆಯುವಾಗ ಒಳಗೇ ತುಂಡಾಗುತ್ತದೆ. ಆರ್‌ಜೆ45 ಕನೆಕ್ಟರನ್ನು ಎಳೆದಾದ ಮೇಲೆಯೇ ಹಾಕಿ. ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಅದೇ ಪೈಪ್‌ನಲ್ಲಿ ಕರೆಂಟ್ ವೈರ್ ಇದ್ದರೆ ಮಾತ್ರ ಈ ಕೆಲಸ ಬೇಡ.

ಬೆಳಕುಬಿಟ್ಟರೆ:
ಕರೆಂಟ್ ವಿಷಯ. ಮನೆಯಲ್ಲಿ ಇನ್ವರ್ಟರ್ ಇದ್ದು ರೂಟರ್ ಅದರ ಮೇಲಿದ್ದರೂ, ಕರೆಂಟ್ ಹೋದ ಕ್ಷಣ ರೂಟರ್ ಆಫ್ ಆಗಿ ಮತ್ತೆ ಶುರುವಾಗಲು ಎರಡು ಮೂರು ನಿಮಿಷ ಹಿಡಿಯಬಹುದು. ಇನ್ವರ್ಟರ್ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಹಾಕಿ, ಬದಲಾವಣೆ ಬೇಗ ಆಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಟಿವಿಯೇ ಓಡುವುದಿಲ್ಲ ನಿಜ, ಫೋನ್‌ನಲ್ಲಾದರೂ ನೋಡಲು ರೂಟರ್‌ಗೊಂದು ಮಿನಿ ಯುಪಿಎಸ್ ಸಾಕು. ರೂಟರ್ ಅಡಾಪ್ಟರ್ ಮೇಲೆ ಏನು ಬರೆದಿದೆ ಓದಿ, ಸಾಮಾನ್ಯವಾಗಿ 12 ವೋಲ್ಟ್. 12ರ ರೂಟರ್‌ಗೆ 9 ವೋಲ್ಟ್‌ನದ್ದು ಕೊಟ್ಟರೆ ಪದೇಪದೇ ಆಫ್ ಆಗುತ್ತದೆ.

ನಿಮ್ಮ ಮನೆಯಲ್ಲಿ ಎಲ್ಲ ಸರಿಯಿದ್ದೂ ಇಂಟರ್ನೆಟ್ ಹೋದರೆ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ‘ಲಾಸ್’ ದೀಪ ನೋಡಿ. ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ: ಮರದ ಕೊಂಬೆ ಬಿದ್ದು ಫೈಬರ್ ಹೋಗಿದೆ, ಇಲ್ಲವೇ ಆಪರೇಟರ್ ಕಡೆ ಕರೆಂಟಿಲ್ಲ. ಗೋಡೆಯ ಮೂಲೆಯಲ್ಲಿ ಫೈಬರ್ ತೀರಾ ಮಡಚಿಕೊಂಡಿದ್ದರೂ ಹೀಗಾಗುತ್ತದೆ. ಲೈನ್‌ಮನ್ ಬಂದಾಗ ಫೈಬರ್‌ನಲ್ಲಿ ಬರುವ ಬೆಳಕನ್ನು ಪವರ್ ಮೀಟರ್ ಹಾಕಿ ಅಳೆಯಲು ಹೇಳಿ. ಮೈನಸ್ 20 ಡಿಬಿಎಂ ಆಸುಪಾಸು ಚೆನ್ನ, ಮೈನಸ್ 27 ದಾಟಿದರೆ ಮಳೆ ಬಂದಾಗಲೆಲ್ಲ ಕಿರಿಕಿರಿ ಖಚಿತ.

ಅದಕ್ಕೇ ಮಲೆನಾಡಿನ ಮನೆಗೆ ಡಿಡಿ ಫ್ರೀ ಡಿಶ್ ಒಂದು ಇರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಜೀ ಕನ್ನಡ, ಉದಯದಂಥ ಪೇ ಚಾನೆಲ್ ಮಾತ್ರ ಬರುವುದಿಲ್ಲ. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಸಾಗರದಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿ. ಆ ದಿಕ್ಕಿಗೆ ಅಡಕೆ ಮರದ ತಲೆ ಅಡ್ಡ ಬರದ ಜಾಗ ಹುಡುಕಿ. ಜೋರು ಮಳೆಯಲ್ಲಿ ಚಿತ್ರ ಹೋಗುತ್ತದೆ, ಮಳೆ ತಗ್ಗಿದರೆ ಬರುತ್ತದೆ.

ಕೋಲುಪೆಟ್ಟಿಗೆ:
ಹಳೆಯ 32 ಇಂಚಿನದಕ್ಕೆ ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಪ್ರಮಾಣಿತ ಆಂಡ್ರಾಯ್ಡ್ ಟಿವಿ ಪೆಟ್ಟಿಗೆ ಸಾಕು. ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಬೇಡ. ಎಚ್‌ಡಿ ಚಿತ್ರ ಕೊಡಲು ಆ್ಯಪ್‌ಗಳು ಕೇಳುವ ವೈಡ್‌ವೈನ್ ಎಲ್1 ಎಂಬ ನಕಲು-ತಡೆ ಭದ್ರತೆ ಅವುಗಳಲ್ಲಿ ಇರುವುದಿಲ್ಲ, ಹಣ ಕಟ್ಟಿದ ಆ್ಯಪ್ ಕೂಡ ಮಸುಕಾಗಿಯೇ ಓಡುತ್ತದೆ. ಸ್ಟಿಕ್‌ಗೆ ಅದರ ಜೊತೆ ಬಂದ ಅಡಾಪ್ಟರನ್ನೇ ಹಾಕಿ. ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಕರೆಂಟ್ ಸಾಲದೆ ನಡುವೆ ರೀಸ್ಟಾರ್ಟ್ ಆಗುತ್ತದೆ. ಸ್ಟಿಕ್‌ನಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲ, ಅದಕ್ಕೆಂದೇ ಸಿಗುವ ಈಥರ್ನೆಟ್ ಅಡಾಪ್ಟರ್ ಬೇಕು. 100 ಎಂಬಿಪಿಎಸ್‌ನದ್ದಾದರೂ ಸಾಕು.

ಕ್ರಿಕೆಟ್ ನೋಡುವವರಿಗೆ ಒಂದು ಮಾತು: ಆ್ಯಪ್‌ನಲ್ಲಿ ಲೈವ್ ಕೇಬಲ್‌ಗಿಂತ ಅರ್ಧ ನಿಮಿಷದಷ್ಟು ಹಿಂದೆ ಇರಬಹುದು. ಪಕ್ಕದ ಮನೆಯ ಕೂಗು ಮೊದಲು ಕೇಳಿಸುತ್ತದೆ. ಅದಕ್ಕೆ ಪರಿಹಾರವಿಲ್ಲ.

ಹಿರಿಯರಿಗಾಗಿ ಮುಖಪುಟದಲ್ಲಿ ನಾಲ್ಕೇ ಆ್ಯಪ್ ಮೊದಲ ಸಾಲಿಗೆ ತನ್ನಿ, ಯೂಟ್ಯೂಬ್‌ನಲ್ಲಿ ಅವರ ನ್ಯೂಸ್ ಚಾನೆಲ್‌ಗಳಿಗೆ ಮಾತ್ರ ಸಬ್‌ಸ್ಕ್ರೈಬ್ ಆಗಿ. ಒಂದು ತಿಂಗಳು ಕೇಬಲ್, ಆ್ಯಪ್ ಎರಡೂ ಇಟ್ಟುಕೊಳ್ಳಿ, ಅಷ್ಟರೊಳಗೆ ರಿಮೋಟ್ ಅವರ ಕೈಗೆ ಹತ್ತುತ್ತದೆ. ಆಮೇಲೆ ಕೇಬಲ್ ನಿಲ್ಲಿಸಲು ಬರವಣಿಗೆಯಲ್ಲೇ ಅರ್ಜಿ ಕೊಡಿ, ಸೆಟ್‌ಟಾಪ್ ಬಾಕ್ಸ್ ಹಿಂತಿರುಗಿಸಿದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಬಾಕ್ಸ್‌ಗೆ ಠೇವಣಿ ಇಟ್ಟಿದ್ದರೆ ಅದನ್ನೂ ಆಗಲೇ ಕೇಳಿ.