ಕಣ ಘರ್ಷಕದ ಲೆಕ್ಕಕ್ಕೆ ನಕ್ಷತ್ರಗಳ ಗಡಿಯಾರವೇಕೆ?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ):
ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಘರ್ಷಕದಲ್ಲಿ ಹುಟ್ಟುವ ಟಾಪ್ ಕ್ವಾರ್ಕ್ ಎಂಬ ಭಾರವಾದ ಮೂಲಕಣಗಳ ಜೋಡಿಗಳನ್ನು ಎಣಿಸಿ, ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನು ಅಲ್ಲಿನ ಸಿಎಂಎಸ್ ಪ್ರಯೋಗದ ತಂಡ ಪರೀಕ್ಷಿಸಿತೆಂದು ಓದಿದೆ. ಎಣಿಕೆಯನ್ನು 24 ಗಂಟೆಯ ದಿನಕ್ಕಲ್ಲದೆ 23 ಗಂಟೆ 56 ನಿಮಿಷದ ನಾಕ್ಷತ್ರಿಕ ದಿನಕ್ಕೆ (ನಕ್ಷತ್ರಗಳ ಹಿನ್ನೆಲೆಯಲ್ಲಿ ಭೂಮಿ ಒಂದು ಸುತ್ತು ತಿರುಗುವ ಅವಧಿಗೆ) ಹೊಂದಿಸಿದ್ದೇಕೆ? ನಾಲ್ಕು ನಿಮಿಷದಿಂದ ಅಂಥ ವ್ಯತ್ಯಾಸವೇನು?

ಉತ್ತರ (ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು):
ಆ ಸಿದ್ಧಾಂತದ ಪ್ರಕಾರ ದೇಶಕಾಲದಲ್ಲಿ ಯಾವ ದಿಕ್ಕಿಗೂ ವಿಶೇಷ ಸ್ಥಾನವಿಲ್ಲ; ಪ್ರಯೋಗಶಾಲೆ ಎತ್ತ ಮುಖಮಾಡಿದರೂ ಫಲಿತಾಂಶ ಒಂದೇ. ಹಾಗಲ್ಲದೆ, ನಕ್ಷತ್ರಗಳ ಹಿನ್ನೆಲೆಯಲ್ಲಿ ಕದಲದೆ ನಿಂತ ಒಂದು ವಿಶೇಷ ದಿಕ್ಕು ಇದ್ದಿದ್ದರೆ, ಭೂಮಿಯೊಂದಿಗೆ ತಿರುಗುವ ಪ್ರೋಟಾನ್ ಕಿರಣಗಳಿಗೂ ಅದಕ್ಕೂ ನಡುವಿನ ಕೋನ ಬದಲಾಗುತ್ತ, ಜೋಡಿಗಳು ಹುಟ್ಟುವ ಪ್ರಮಾಣವೂ ಏರಿಳಿಯುತ್ತಿತ್ತು. ಆ ಏರಿಳಿತ ಅನುಸರಿಸುವುದು ನಕ್ಷತ್ರಗಳನ್ನೇ ಹೊರತು ಸೂರ್ಯನನ್ನಲ್ಲ. ಕಾಫಿ ಒಣಗಿಸುವ ದಿನಗಳಲ್ಲಿ ಕಣಕ್ಕೆ ಟಾರ್ಪಾಲು ಹೊದಿಸಲು ಹೋದಾಗ ಸಿಲ್ವರ್ ಓಕ್ ಮರದ ತುದಿಗೆ ಮಹಾವ್ಯಾಧ ಬರುವ ಹೊತ್ತನ್ನು ಗುರುತು ಹಾಕಿಕೊಳ್ಳಿ. ಹದಿನೈದು ದಿನ ಬಿಟ್ಟು ನೋಡಿದರೆ ಅದು ಒಂದು ಗಂಟೆ ಮೊದಲೇ ಅಲ್ಲಿರುತ್ತದೆ. ಹಗಲುರಾತ್ರಿಯ ತಾಪದಂಥ ಏರಿಳಿತಗಳಾದರೋ 24 ಗಂಟೆಗೆ ಕಟ್ಟುಬಿದ್ದವು. ನಾಕ್ಷತ್ರಿಕ ಗಡಿಯಾರದಲ್ಲಿ ಅವು ದಿನಕ್ಕೆ ನಾಲ್ಕು ನಿಮಿಷ ಸರಿಯುತ್ತ, ವರ್ಷಕ್ಕೊಂದು ಸುತ್ತು ಬಂದು ಹರಡಿಹೋಗುತ್ತವೆ.

ಉತ್ತರ (ನಿವೃತ್ತ ಎಂಜಿನಿಯರ್, ಹಾಸನ):
ನಮ್ಮೂರಿನಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನಿಗಾ ಇಡುವ ಭೂಸ್ಥಿರ ಉಪಗ್ರಹಗಳ ಸುತ್ತಿನ ಅವಧಿಯೂ ಇದೇ 23 ಗಂಟೆ 56 ನಿಮಿಷ, ತಂಗಿ. ಸರಿಯಾಗಿ 24 ಗಂಟೆ ಇಟ್ಟಿದ್ದರೆ ಉಪಗ್ರಹ ದಿನಕ್ಕೆ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ಜಾರುತ್ತಿತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಆದರೆ ಚಳಿಗಾಲದಲ್ಲಿ ಘರ್ಷಕವನ್ನು ನಿಲ್ಲಿಸುತ್ತಾರಲ್ಲವೆ? ವರ್ಷದ ಸುತ್ತು ಪೂರ್ತಿಯಾಗದಿದ್ದರೆ ಸೂರ್ಯನ ಪ್ರಭಾವ ಸ್ವಲ್ಪವಾದರೂ ಉಳಿಯುವುದಿಲ್ಲವೆ?

ಉತ್ತರ (ಉಪನ್ಯಾಸಕ):
ಉಳಿಯುತ್ತದೆ, ನನ್ನ ಮಾತು ಅಷ್ಟರ ಮಟ್ಟಿಗೆ ಸಡಿಲವಾಗಿತ್ತು. ಆದ್ದರಿಂದಲೇ 2016 ಮತ್ತು 2017ರ ಮಾಹಿತಿಯನ್ನು ಬಳಸಿದ ತಂಡ, ಘರ್ಷಣೆಗಳ ದಟ್ಟಣೆಯಲ್ಲೂ, ದಾಖಲಿಸಬೇಕಾದ ಘರ್ಷಣೆಗಳನ್ನು ಆರಿಸುವ ಟ್ರಿಗರ್ ವ್ಯವಸ್ಥೆಯ ದಕ್ಷತೆಯಲ್ಲೂ ಆಗುವ ಬದಲಾವಣೆಗಳನ್ನು ನಾಕ್ಷತ್ರಿಕ ಸಮಯಕ್ಕೆ ಅನುಗುಣವಾಗಿ ತಿದ್ದಿಕೊಂಡಿತು. ಕೊನೆಗೆ ಏರಿಳಿತವೇನೂ ಕಾಣಲಿಲ್ಲ. ಸಿದ್ಧಾಂತದಿಂದ ವ್ಯತ್ಯಾಸ ಇದ್ದರೂ ಎಷ್ಟಿರಬಹುದೆಂಬುದಕ್ಕೆ ಅಮೆರಿಕದ ಟೆವಟ್ರಾನ್ ಘರ್ಷಕದಿಂದ ಹಿಂದೆ ದೊರೆತಿದ್ದ ಮಿತಿಗಳು 100 ಪಟ್ಟಿನವರೆಗೆ ಬಿಗಿಯಾದವು. ಆದರೆ ಆ ವಿಶೇಷ ದಿಕ್ಕು ಭೂಮಿಯ ಅಕ್ಷಕ್ಕೇ ಸಮಾಂತರವಾಗಿದ್ದರೆ, ಭೂಮಿ ಎಷ್ಟು ತಿರುಗಿದರೂ ಕೋನ ಬದಲಾಗದು. ಅದು ಈ ಉಪಾಯಕ್ಕೆ ಸಿಕ್ಕುವುದೇ ಇಲ್ಲ.