ಅಪ್‌ಡೇಟ್: ಹಳೆಯ ಪ್ರಕರಣಕ್ಕೂ ಸೆಕ್ಷನ್ 479 ಅನ್ವಯ

2023ರ ವಂಚನೆ ಪ್ರಕರಣದಲ್ಲಿ ಜಾಮೀನುದಾರರು ಸಿಗದೆ ಕಾಸರಗೋಡಿನಲ್ಲಿ ವಿಚಾರಣಾಧೀನ ಕೈದಿಯಾಗಿದ್ದ ನನ್ನ ಸೋದರಳಿಯನಿಗೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಿಧಾನದ ಹೊಸ ಕಾನೂನು) ಸೆಕ್ಷನ್ 479, ಅಂದರೆ ದೀರ್ಘಕಾಲ ಬಂಧನದಲ್ಲಿರುವ ವಿಚಾರಣಾಧೀನ ಕೈದಿಗಳ ಬಿಡುಗಡೆಯ ನಿಯಮ, ಅನ್ವಯಿಸುವುದೇ ಎಂದು ಹಿಂದೆ ಕೇಳಿದ್ದೆ. ಅನ್ವಯಿಸುತ್ತದೆ, ಹಳೆಯ ಪ್ರಕರಣಗಳಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಹಿಂದೆಂದೂ ಶಿಕ್ಷೆಗೊಳಗಾಗದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಅಂದರೆ 7 ವರ್ಷದ ಶಿಕ್ಷೆಯಿರುವ ಈ ಅಪರಾಧದಲ್ಲಿ 2 ವರ್ಷ 4 ತಿಂಗಳನ್ನು, ಬಂಧನದಲ್ಲಿ ಕಳೆದಿದ್ದರೆ ಜಾಮೀನುದಾರರಿಲ್ಲದೆ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡುಗಡೆಯಾಗಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಈ ಸೌಲಭ್ಯವಿಲ್ಲ. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವುದು ಜೈಲು ಸೂಪರಿಂಟೆಂಡೆಂಟರ ಹೊಣೆ (ನಾವು ವಿಚಾರಿಸುವ ತನಕ ಅದು ಹೊರಟೇ ಇರಲಿಲ್ಲ ಎಂಬುದು ಬೇರೆ ಮಾತು). ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ನೆನಪಿಸಿದ ಮೇಲೆ ಅರ್ಜಿ ಹೋಗಿ, ಹುಡುಗ ಈಗ ಮನೆಯಲ್ಲಿದ್ದಾನೆ, ವಿಚಾರಣೆ ಮುಂದುವರಿದಿದೆ.