ಓದುಗರ ಸ್ಪಂದನ: ಅಮ್ಮನ ಹಿತ್ತಾಳೆ ದೀಪ

ಕಳೆದ ಸಂಚಿಕೆಯಲ್ಲಿ ಅರಸೀಕೆರೆ ಕಡೆಯ ಸಹೋದರಿಯೊಬ್ಬರ ಪತ್ರ ಪ್ರಕಟಿಸಿದ್ದೆವು. ಓದದವರಿಗಾಗಿ ಚುಟುಕಾಗಿ ಹೇಳುತ್ತೇವೆ. ಇವರು ಮದುವೆಯಾಗಿ, ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ 14 ವರ್ಷವಾಯಿತು. ತಾಯಿ ಕೊನೆತನಕ ಹಿಂದೂ ಆಗಿಯೇ ಇದ್ದು ಕಳೆದ ವರ್ಷ ತೀರಿಕೊಂಡರು. ತವರಿನಿಂದ ಇವರ ಪಾಲಿಗೆ ಬಂದದ್ದು ಒಂದು ಹಿತ್ತಾಳೆ ಕಾಲುದೀಪ. ಕರೆಂಟ್ ಹೋದಾಗ ಹಚ್ಚುತ್ತಾರೆ, ಅಮ್ಮ ತೀರಿದ ದಿನ ಹಚ್ಚುತ್ತಾರೆ, ಅಷ್ಟೆ. ಆದರೆ ದೀಪ ಬಂದ ಮೇಲೆ ಗಂಡನ ಕೆಲಸ ಹೋಯಿತು. 8 ವರ್ಷದ ಮಗಳು ರಾತ್ರಿ ಚೀರಿಕೊಂಡು ಏಳುತ್ತಾಳೆ. ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುವವರು, ದುರಾತ್ಮ ಆ ದೀಪದ ಮೂಲಕವೇ ಮನೆ ಹೊಕ್ಕಿದೆ, ಎಲ್ಲರ ಮುಂದೆ ತಂದು ಒಡೆಯಿರಿ ಎಂದಿದ್ದಾರೆ. "ಸೈತಾನನನ್ನು ಎದುರಿಸಿ ನಿಲ್ಲು ಅಂತಾರೆ. ದೀಪ ಕೊಟ್ಟರೆ ನಿಂತ ಹಾಗಾ, ಕೊಡದಿದ್ದರೆ ನಿಂತ ಹಾಗಾ?" ಇದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಸಹೋದರಿಗೆ ವಂದನೆ. ಬೈಬಲಿನ ಧರ್ಮೋಪದೇಶಕಾಂಡ 7ನೇ ಅಧ್ಯಾಯದ ಕೊನೆಯ ಎರಡು ವಚನ ಓದಿ. ದೇವರಿಗೆ ಅಸಹ್ಯವಾದದ್ದನ್ನು ಮನೆಯೊಳಗೆ ತರಬಾರದು ಅಂತ ಸ್ಪಷ್ಟವಾಗಿದೆ. ಇದನ್ನು ಪತ್ರಿಕೆಗೆ ಬರೆದು ಕೇಳುವುದು ಏನಿದೆ? ವಿಧೇಯರಾಗಿ.

— ಸಭೆಯ ಹಿರಿಯರೊಬ್ಬರು, ಕೆ.ಜಿ.ಎಫ್.

*

ಆ ವಚನಗಳು ವಿಗ್ರಹಗಳ ಬಗ್ಗೆ, ಅವುಗಳ ಮೇಲಿನ ಬೆಳ್ಳಿ ಬಂಗಾರದ ಬಗ್ಗೆ ಹೇಳುತ್ತವೆ. ಕರೆಂಟ್ ಹೋದಾಗ ಹಚ್ಚುವ ದೀಪಕ್ಕೂ ಅವು ಸಲ್ಲುತ್ತವೆಯೇ ಎಂದು ಓದುಗರೇ ಯೋಚಿಸಲಿ. ಮುಂದಿನ ಪತ್ರ ಉದ್ದ ಇದೆ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

*

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈಗ ಬರೆಯುತ್ತಿರುವುದನ್ನು ನನ್ನ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

1999ರ ಮಾತು. ನನ್ನ ಮಗನಿಗೆ ಆಗ ಆರು ವರ್ಷ. ಮಲಗಿದಲ್ಲೇ ಕೈಕಾಲು ಸೆಟೆದುಕೊಳ್ಳುತ್ತಿತ್ತು, ಕಣ್ಣು ಮೇಲೆ ಹೋಗುತ್ತಿತ್ತು, ಬಾಯಲ್ಲಿ ನೊರೆ ಬರುತ್ತಿತ್ತು. ನಾನು ಆಗ ಹೊಸ ವಿಶ್ವಾಸಿ. ಪ್ರಾರ್ಥನೆಗೆ ಬಂದವರೊಬ್ಬರು ಮನೆಯೆಲ್ಲ ನೋಡಿ, "ತವರುಮನೆಯಿಂದ ಏನು ಬಂದಿದೆ?" ಅಂತ ಕೇಳಿದರು. ಒಂದು ಇಳಕಲ್ ಸೀರೆ ಇತ್ತು. ಮಗನ ತೊಟ್ಟಿಲಿಗೆ ಅವ್ವ ತಂದದ್ದು. ತರುವ ಮುಂಚೆ ಸವದತ್ತಿ ಎಲ್ಲಮ್ಮನ ಮುಂದೆ ಇಟ್ಟು ತಂದಿದ್ದಳು, ನಾನೇ ಅದನ್ನು ಹೇಳಿದೆ. ಇದೇ ನೋಡಿ ಅಂದರು.

ಹಿತ್ತಲಲ್ಲಿ ಸೀಮೆಎಣ್ಣೆ ಹಾಕಿ ಸುಟ್ಟೆವು. ಹತ್ತಿಯ ಒಡಲು ಬೇಗ ಉರಿದು ಹೋಯಿತು. ಸೆರಗು ರೇಷ್ಮೆಯದು, ಅದು ಸರಿಯಾಗಿ ಉರಿಯಲೇ ಇಲ್ಲ, ಮುದುಡಿಕೊಂಡು ಕಪ್ಪಾಗಿ ಗಂಟುಗಂಟಾಯಿತು. ಕೂದಲು ಸುಟ್ಟ ವಾಸನೆ ಬಂತು. ಅದು ದೆವ್ವ ಬಿಟ್ಟು ಹೋಗುವ ವಾಸನೆ ಅಂತ ಒಬ್ಬರು ಹೇಳಿದರು. ನಾನೂ ನಂಬಿದೆ. ರೇಷ್ಮೆ ಸುಟ್ಟರೆ ಯಾವಾಗಲೂ ಹಾಗೇ ವಾಸನೆ ಬರುತ್ತದೆ ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಎಂಟು ದಿನಕ್ಕೆ ಅವ್ವ ಬಂದಳು. ಮೊಮ್ಮಗನಿಗೆ ಹುಷಾರಿಲ್ಲ ಅಂತ ಕೇಳಿ ಬಂದಿದ್ದಳು. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬಂದಿದ್ದಳು. ಮಾತಿಗೆ ಮಾತು ಬಂದು, "ಆ ಸೀರಿ ಒಮ್ಮೆನೂ ಉಡಲಿಲ್ಲಲ್ಲ ನೀ" ಅಂದಳು. ನಾನು ಹೇಳಿಬಿಟ್ಟೆ. ಸುಟ್ಟೆ ಅವ್ವ, ಅದರಾಗ ದೆವ್ವ ಇತ್ತು, ಅದಕ್ಕ ನನ್ನ ಮಗ ಬೀಳಾಕತ್ತಾನ ಅಂತ.

ಅವ್ವ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಮೊಮ್ಮಗನ ತಲೆ ಸವರಿ ಎದ್ದಳು. ಸಂಜೆ ಬಸ್ಸಿಗೆ ಹೋದಳು. ರೊಟ್ಟಿ ಗಂಟು ಕಟ್ಟೆಯ ಮೇಲೆ ಬಿಚ್ಚದೇ ಇತ್ತು. ಮತ್ತೆ ಅವಳು ನನ್ನ ಮನೆಗೆ ಬರಲಿಲ್ಲ. ಎರಡು ವರ್ಷಕ್ಕೆ ಅವಳ ಮಣ್ಣಿಗೆ ನಾನೇ ಹೋದೆ.

ಮಗ ಬೀಳುವುದು ನಿಲ್ಲಲಿಲ್ಲ. ಸೀರೆ ಆಯಿತು, ಆಮೇಲೆ ನನ್ನ ಹಳೆ ಫೋಟೋಗಳು, ಆಮೇಲೆ ನನ್ನ ವಿಶ್ವಾಸವೇ ಕಡಿಮೆ ಅನ್ನುವುದು ಶುರುವಾಯಿತು. ಹತ್ತು ತಿಂಗಳಾದ ಮೇಲೆ ಅವನ ಶಾಲೆಯ ಮಾಸ್ತರರು ನನ್ನ ಗಂಡನನ್ನು ಬೈದು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತಲೆಗೆ ವೈರ್ ಹಚ್ಚಿ ಇಇಜಿ ಮಾಡಿದರು. ಮೂರ್ಛೆರೋಗ ಅಂದರು, ಗುಳಿಗೆ ಕೊಟ್ಟರು. ದೇವರ ಕೃಪೆ, ಗುಳಿಗೆ ಹಿಡಿಯಿತು. ಈಗ ಅವನಿಗೆ ಮದುವೆಯಾಗಿ ಮಗಳಿದ್ದಾಳೆ. ಆ ಹತ್ತು ತಿಂಗಳಲ್ಲಿ ಒಮ್ಮೆ ಬಚ್ಚಲಲ್ಲಿ ಬಿದ್ದು ಆದ ಗಾಯದ ಗುರುತು ಹುಬ್ಬಿನ ಮೇಲೆ ಇನ್ನೂ ಇದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸೈತಾನ ಇಲ್ಲ ಅಂತ ನಾನು ಹೇಳುವುದಿಲ್ಲ ತಂಗಿ. ಇದ್ದಾನೆ. ಆದರೆ ಆ ದಿನ ಅವನು ಎಲ್ಲಿದ್ದ ಅಂತ ನಾನು ಇಪ್ಪತ್ತು ವರ್ಷ ಹುಡುಕಿದ್ದೇನೆ. ನನ್ನ ಬಾಯಲ್ಲಿದ್ದ. ಅವ್ವನಿಗೆ ಆ ಮಾತು ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ದೊಡ್ಡ ಸಾಕ್ಷಿ ಹೇಳಿದೆ ಅಂತ. ಆ ಹೆಮ್ಮೆಯನ್ನು ಯಾರೂ ಬಿಡಿಸಲಿಲ್ಲ. ಅದಕ್ಕೆ ಯಾರೂ ಉಪವಾಸ ಮಾಡಿಸಲಿಲ್ಲ.

ದೀಪ ಏನು ಮಾಡಬೇಕು ಅಂತ ನಾನು ಹೇಳಲಾರೆ. ಅಮ್ಮ ಹೋಗಿಬಿಟ್ಟಿದ್ದಾರೆ, ಒಡೆದರೆ ಅವರಿಗೇನು ನೋವಾಗುತ್ತೆ ಅಂತ ಯಾರಾದರೂ ಹೇಳಬಹುದು. ನಿನಗಾಗುತ್ತೆ. ಆಮೇಲೆ ಅದು ಹೋಗುವುದಿಲ್ಲ.

— ಒಬ್ಬ ತಾಯಿ, ಹುಬ್ಬಳ್ಳಿ

*

ಈ ಪತ್ರಕ್ಕೆ ನಾವು ಏನನ್ನೂ ಸೇರಿಸುವುದಿಲ್ಲ. ಬೇರೆ ಥರದ ಅನುಭವವೂ ಇದೆ, ಅದನ್ನೂ ಓದಬೇಕು.

*

ನಮ್ಮಜ್ಜ ಮಾಟ ತೆಗೆಯುವವರು. ಮನೆ ತುಂಬ ತಾಯತ, ನಿಂಬೆಹಣ್ಣು, ಕಪ್ಪು ದಾರ. ನಾನು ಯೇಸುವನ್ನು ನಂಬಿದ ಮೇಲೂ ನಾಲ್ಕು ವರ್ಷ ಸೊಂಟಕ್ಕೆ ತಾಯತ ಕಟ್ಟಿಕೊಂಡೇ ಚರ್ಚಿಗೆ ಹೋಗ್ತಿದ್ದೆ. ಯಾರಿಗೂ ಕಾಣುತ್ತಿರಲಿಲ್ಲ. ಬಿಚ್ಚಿದರೆ ಸಾಯ್ತೀನಿ ಅಂತ ಭಯ. ಒಂದು ದಿನ ಬ್ಲೇಡಿನಿಂದ ನಾನೇ ಕತ್ತರಿಸಿ ಬಾವಿಗೆ ಎಸೆದೆ. ಆ ರಾತ್ರಿ ನಿದ್ದೆ ಮಾಡಿದ ಹಾಗೆ ಹಿಂದೆಂದೂ ಮಾಡಿರಲಿಲ್ಲ. ಹಾಗಾಗಿ "ವಸ್ತು ಬರೀ ವಸ್ತು" ಅಂತ ಸುಲಭವಾಗಿ ಹೇಳುವವರನ್ನು ನಾನು ಒಪ್ಪಲ್ಲ. ನನ್ನ ಕೊರಳು ಹಿಡಿದಿದ್ದ ವಸ್ತು ಅದು.

ಆದರೆ ಅಕ್ಕಾ, ನನಗೆ ಯಾರೂ ಬಲವಂತ ಮಾಡಲಿಲ್ಲ. ನಮ್ಮ ಅಯ್ಯನವರಿಗೆ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಗೊತ್ತಿದ್ದೂ ನಾಲ್ಕು ವರ್ಷ ಕಾದರು. ನಿಮ್ಮನ್ನು ಒಂದೇ ಕೇಳ್ತೀನಿ. ಆ ದೀಪ ಹಚ್ಚುವಾಗ ನಿಮಗೆ ಭಯ ಆಗುತ್ತಾ? ಹಚ್ಚದಿದ್ದರೆ ಏನೋ ಆಗಿಬಿಡುತ್ತೆ ಅನ್ಸುತ್ತಾ? ಹೌದಾದರೆ ಇವತ್ತೇ ಕೊಟ್ಟುಬಿಡಿ. ಅಮ್ಮನ ನೆನಪು ಮಾತ್ರ ಬರುತ್ತೆ ಅಂದ್ರೆ ಅದು ತಾಯತ ಅಲ್ಲ.

— ಬೀದರ್‌ನಿಂದ ಒಬ್ಬ ಸಹೋದರ

*

ನಿಮ್ಮ ಮಗಳ ಬಗ್ಗೆ ಮಾತ್ರ ಬರೆಯುತ್ತೇನೆ, ದೀಪದ ವಿಷಯ ನನಗೆ ತಿಳಿಯದು. ಮಕ್ಕಳ ವಾರ್ಡಿನಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಮಲಗಿ ಒಂದೆರಡು ಗಂಟೆಯೊಳಗೆ ಚೀರಿ ಏಳುತ್ತಾಳಾ? ಕಣ್ಣು ತೆರೆದಿದ್ದರೂ ನಿಮ್ಮ ಗುರುತು ಹಿಡಿಯಲ್ವಾ? ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ ಅಂತಾಳಾ? ಹಾಗಿದ್ದರೆ ಇದು ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಆಗುವ ರಾತ್ರಿ ಬೆಚ್ಚುವಿಕೆ ಇರಬಹುದು. ನಿದ್ದೆ ಕಡಿಮೆಯಾದರೆ, ಜ್ವರ ಬಂದರೆ, ಮನೆಯಲ್ಲಿ ಚಿಂತೆ ಇದ್ದರೆ ಜಾಸ್ತಿ ಆಗುತ್ತೆ. ಅಜ್ಜಿ ಹೋದರು, ಅಪ್ಪನ ಕೆಲಸ ಹೋಯಿತು, ಮಗುವಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ? ಅಲುಗಾಡಿಸಿ ಎಬ್ಬಿಸಬೇಡಿ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ, ಬಿದ್ದು ಪೆಟ್ಟಾಗದ ಹಾಗೆ ನೋಡಿಕೊಳ್ಳಿ. ತಾನಾಗಿ ಮಲಗುತ್ತಾಳೆ. ದೊಡ್ಡವಳಾಗ್ತಾ ಸಾಮಾನ್ಯವಾಗಿ ಹೋಗುತ್ತದೆ. ಕೈಕಾಲು ಸೆಟೆದುಕೊಂಡರೆ, ಜೊಲ್ಲು ಸುರಿದರೆ, ಹಗಲಲ್ಲೂ ಹಾಗಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮತ್ತೊಂದು. ಅವಳನ್ನು ನಡುವೆ ಕೂರಿಸಿ ಸುತ್ತ ನಿಂತು ಜೋರಾಗಿ ಗದರಿಸುವ ಪ್ರಾರ್ಥನೆಗೆ ದಯವಿಟ್ಟು ಕೊಡಬೇಡಿ. ನನ್ನೊಳಗೆ ದೆವ್ವ ಇದೆ ಅಂತ ಆ ವಯಸ್ಸಿನಲ್ಲಿ ನಂಬಿದ ಮಗು ಅದನ್ನು ಎಷ್ಟು ವರ್ಷ ಹೊತ್ತುಕೊಂಡು ತಿರುಗುತ್ತೆ ಅಂತ ನಾನು ಕಂಡಿದ್ದೇನೆ. ಮಲಗುವ ಮುಂಚೆ ನೀವೇ ಅವಳ ಕೈ ಹಿಡಿದು "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿಕೊಡಿ. ಕೇಡಿನಿಂದ ತಪ್ಪಿಸು ಅಂತ ಅದರಲ್ಲೇ ಇದೆ.

— ನಿವೃತ್ತ ನರ್ಸ್, ಶಿವಮೊಗ್ಗ

*

ದೆವ್ವ ಬಿಡಿಸುವ ನೆಪದಲ್ಲಿ ಯಾರನ್ನಾದರೂ ಹೊಡೆಯುವುದು, ಕಟ್ಟಿಹಾಕುವುದು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಅದು ಜಾರಿಯಲ್ಲಿದೆ. ಯಾವ ಧರ್ಮದವರಿಗೂ ವಿನಾಯಿತಿ ಇಲ್ಲ.

*

ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಹೀಗೆ ಯಾರು ಬೇಕಾದರೂ ದೆವ್ವ ಬಿಡಿಸುವ ಹಾಗಿಲ್ಲ. ಧರ್ಮಾಧ್ಯಕ್ಷರ ವಿಶೇಷ ಅನುಮತಿ ಪಡೆದ ಗುರುಗಳು ಮಾತ್ರ ಆ ವಿಧಿ ಮಾಡಬಹುದು, ಧರ್ಮಸಭೆಯ ಕಾನೂನಿನ 1172ನೇ ವಿಧಿ ನೋಡಿ. ಅದಕ್ಕೂ ಮುಂಚೆ ಇದು ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ನಿಮ್ಮ ಶುಕ್ರವಾರದ ಗುಂಪಿನವರಿಗೆ ಈ ಅಧಿಕಾರ ಕೊಟ್ಟವರು ಯಾರು?

— ಚಿಕ್ಕಮಗಳೂರಿನ ಓದುಗರು

*

ಪ್ರಿಯ ಮಗಳೇ, ಎಫೆಸ 6ನೇ ಅಧ್ಯಾಯದ ಸರ್ವಾಯುಧಗಳು ನಮಗೆಲ್ಲ ಬಾಯಿಪಾಠ. ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯವನ್ನು ಅದರ ಪಕ್ಕ ಇಟ್ಟುಕೊಂಡು ಓದುವವರು ಕಡಿಮೆ. ಎರಡೂ ಒಂದೇ ಊರಿಗೆ, ಎಫೆಸಕ್ಕೆ, ಸೇರಿದವು. ಅರ್ತೆಮಿದೇವಿಯ ದೊಡ್ಡ ಗುಡಿ ಇದ್ದ ಊರು, ಮಾಟಮಂತ್ರಕ್ಕೆ ಹೆಸರಾದ ಊರು. ಅಲ್ಲಿ ಸ್ಕೇವ ಅನ್ನುವವನ ಏಳು ಮಕ್ಕಳು ಯೇಸುವಿನ ಹೆಸರನ್ನೇ ಮಂತ್ರದ ಹಾಗೆ ಹೇಳಿ ದೆವ್ವ ಬಿಡಿಸಲು ಹೋಗಿ, ಪೆಟ್ಟು ತಿಂದು ಬಟ್ಟೆ ಇಲ್ಲದೆ ಓಡಿದರು. ಆಮೇಲೆ ಮಂತ್ರವಿದ್ಯೆಯ ಪುಸ್ತಕಗಳನ್ನು ಸುಟ್ಟರು, ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ ಆಯಿತು. ನಿಮ್ಮ ಗುಂಪಿನವರು ಈ ಮಾತನ್ನೇ ಎತ್ತಿರಬಹುದು. ಆದರೆ ತಂದವರು ಯಾರು? ಆ ವಿದ್ಯೆ ನಡೆಸುತ್ತಿದ್ದವರೇ, ತಾವಾಗಿ ತಂದರು. ಪೌಲನು ಯಾರ ಮನೆಯ ಅಟ್ಟವನ್ನೂ ಜಾಲಾಡಿದ ಅಂತ ಬರೆದಿಲ್ಲ. ಅಷ್ಟೇ ಅಲ್ಲ, ಅದೇ ಅಧ್ಯಾಯದ 37ನೇ ವಚನ ನೋಡು. ಊರಲ್ಲಿ ಗದ್ದಲವಾದಾಗ ಅಲ್ಲಿನ ಅಧಿಕಾರಿಯೇ ಎದ್ದು ನಿಂತು, ಈ ಜನ ಗುಡಿ ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಅನ್ನುತ್ತಾನೆ. ಎರಡು ವರ್ಷಕ್ಕೂ ಜಾಸ್ತಿ ಅಲ್ಲಿ ಸುವಾರ್ತೆ ಸಾರಿದ ಪೌಲನ ಕಡೆಯವರಿಗೆ ಅನ್ಯಧರ್ಮದವನು ಕೊಟ್ಟ ಸಾಕ್ಷಿ ಇದು.

ಅದೇ ಊರಿನ ವಿಶ್ವಾಸಿಗಳಿಗೆ ಪೌಲ ಬೇಡಿಯಲ್ಲಿದ್ದುಕೊಂಡು ಸರ್ವಾಯುಧಗಳ ಮಾತು ಬರೆದ. ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ ಅಂತ ಮೊದಲೇ ಹೇಳಿದ. ಆಮೇಲೆ ನಿಲ್ಲಿ, ನಿಲ್ಲಿ ಅಂತ ಮತ್ತೆ ಮತ್ತೆ ಹೇಳಿದ. ಸತ್ಯದ ನಡುಕಟ್ಟು, ನೀತಿಯ ಕವಚ, ಸಮಾಧಾನದ ಸುವಾರ್ತೆಯ ಕೆರ. ಇವನ್ನು ತೊಟ್ಟವನು ಹಿತ್ತಾಳೆಗೆ ಹೆದರಬೇಕಾ? ವಿಗ್ರಹಕ್ಕಿಟ್ಟ ಮಾಂಸದ ಬಗ್ಗೆಯೇ, ವಿಗ್ರಹ ಅನ್ನುವುದು ಏನೂ ಅಲ್ಲ ಅಂತ ಕೊರಿಂಥದವರಿಗೆ ಬರೆದವನು ಅವನು. ಕೇರಳದ ಸಿರಿಯನ್ ಚರ್ಚುಗಳಲ್ಲಿ ಇಂಥದೇ ಎತ್ತರದ ಹಿತ್ತಾಳೆ ದೀಪ ಇದೆ, ತುದಿಯಲ್ಲಿ ಶಿಲುಬೆ.

ಇನ್ನು ಗುರಾಣಿ. ರೋಮ್ ಸಿಪಾಯಿಯ ಗುರಾಣಿ ಬಾಗಿಲಿನ ಹಾಗೆ ದೊಡ್ಡದು. ಸಾಲಾಗಿ ನಿಂತರೆ ಒಬ್ಬನದು ಪಕ್ಕದವನನ್ನೂ ಕಾಯುತ್ತಿತ್ತು. ನಿನ್ನ ಪಕ್ಕದಲ್ಲಿ ನಿಲ್ಲಬೇಕಾದವರು ನಿನ್ನ ಎದುರಿಗೆ ನಿಂತಿದ್ದಾರೆ. ನನಗೆ ನೋವಾದದ್ದು ಅಲ್ಲಿ. ಪ್ರಕಟನೆ 12ರಲ್ಲಿ ಸೈತಾನನಿಗೆ ಒಂದು ಹೆಸರಿದೆ, ದೂರು ಹೇಳುವವನು, ಹಗಲಿರುಳು ದೂರು ಹೇಳುವವನು. ಸಭೆಯಲ್ಲಿ ದುಃಖದಲ್ಲಿರುವ ಹೆಂಗಸಿನ ಮೇಲೆ ದೂರು ಹೇಳುವ ಕೆಲಸಕ್ಕೆ ನಾವು ಯಾರೂ ಇಳಿಯಬಾರದು.

— ನಿವೃತ್ತ ಸಭಾಪಾಲಕರು, ಮಂಗಳೂರು

*

ಯಜಮಾನರ ಬಗ್ಗೆ ಯಾರೂ ಕೇಳಿಲ್ಲ ಅನ್ಸುತ್ತೆ. ನನ್ನ ಕೆಲಸ ಹೋದಾಗ ಸಭೆಯವರು ಮನೆಗೆ ಬಂದು ಶಾಪ ಎಲ್ಲಿದೆ ಅಂತ ಹುಡುಕಿದರು. ಅಕ್ಕಿ ಇದೆಯಾ ಅಂತ ಕೇಳಲಿಲ್ಲ. ನನಗೆ ನಿಜವಾದ ಶೋಧನೆ, ಅಂದ್ರೆ ಕೆಟ್ಟ ಸೆಳೆತ, ಬರ್ತಿದ್ದದ್ದು ಸಂಜೆ ಆರರಿಂದ ಎಂಟು ಗಂಟೆ. ಆ ಹೊತ್ತಿಗೆ ಹಳೇ ಸ್ನೇಹಿತರು ಬಾರಿಗೆ ಕರೆಯೋರು. ನನ್ನ ಹೆಂಡತಿ ಆ ಎರಡು ಗಂಟೆ ನನ್ನ ಜೊತೆ ಕೆರೆ ಏರಿ ಮೇಲೆ ನಡೆಯೋಕೆ ಬರ್ತಿದ್ದಳು. ಏಳು ತಿಂಗಳು, ಒಂದು ದಿನ ತಪ್ಪಿಸಲಿಲ್ಲ. ನಾನು ಬಿದ್ದುಹೋಗದೆ ನಿಂತದ್ದು ಹಾಗೆ. ನಿಮ್ಮವರು ಸಂಜೆ ಹೊತ್ತು ಏನು ಮಾಡ್ತಾರೆ, ಒಮ್ಮೆ ನೋಡಿ ಅಕ್ಕಾ.

— ದಾವಣಗೆರೆ

*

ನಾನು ಕ್ರೈಸ್ತಳಲ್ಲ. ಪಕ್ಕದ ಮನೆಯವರು ತರಿಸುವ ನಿಮ್ಮ ಪತ್ರಿಕೆ ಓದುತ್ತೇನೆ. ನನ್ನ ಅಕ್ಕ ನಿಮ್ಮ ಹಾಗೇ ಮದುವೆಯಾಗಿ ಹೋದವಳು. ಅಮ್ಮ ಸಾಯುವಾಗ ಮನೆಯ ಪಾತ್ರೆ ಹಂಚಿದರು. ಅಕ್ಕ ಏನನ್ನೂ ಮುಟ್ಟಲಿಲ್ಲ, ಒಂದು ಲೋಟ ಕೂಡ. ಅಮ್ಮ ಕೊನೆಗೆ ಕೇಳಿದ್ದು ಅದನ್ನೇ, "ನನ್ನ ಕೈಯಲ್ಲಿ ಏನಿತ್ತು?" ಅಂತ. ನೀವು ಆ ದೀಪ ತಗೊಂಡು ಹೋದಿರಲ್ಲ, ನಿಮ್ಮ ತವರಿನವರಿಗೆ ಎಷ್ಟು ಸಮಾಧಾನ ಆಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ.

— ತಿಪಟೂರು

*

ಪತ್ರ ಬರೆದ ಸಹೋದರಿಗೆ ಈ ಎಲ್ಲ ಉತ್ತರಗಳನ್ನು, ಹುಬ್ಬಳ್ಳಿಯ ತಾಯಿಯ ಮೂಲ ಪತ್ರವನ್ನೂ ಸೇರಿಸಿ, ಮೊದಲೇ ಅಂಚೆಯಲ್ಲಿ ಕಳಿಸಿದ್ದೆವು. ಅವರು ಎರಡು ಸಾಲು ಬರೆದಿದ್ದಾರೆ. ಮಗಳನ್ನು ಡಾಕ್ಟರಿಗೆ ತೋರಿಸಿದ್ದಾರೆ. ಕಳೆದ ಶುಕ್ರವಾರ ಪ್ರಾರ್ಥನೆಗೆ ಹೋಗಲಿಲ್ಲ, ಭಾನುವಾರ ಆರಾಧನೆಗೆ ಗಂಡನ ಜೊತೆ ಹೋದರು. ಆ ಸಂಜೆ ಕರೆಂಟ್ ಹೋಯಿತಂತೆ. ಮಗಳೇ ಅಟ್ಟದಿಂದ ಅಜ್ಜಿಯ ದೀಪ ಇಳಿಸಿಕೊಡಿ ಅಂತ ಕೇಳಿದಳಂತೆ.